ಬೆರೆಸಿದ ಚಿತ್ರ ಕೂಡಿಬರದಿದ್ದಾಗ: ಕ್ಯಾಮೆರಾದಿಂದ ಲೇಯರ್‌ವರೆಗೆ ದೋಷ ಹುಡುಕುವ ಬಗೆ

ಎರಡು ಛಾಯಾಚಿತ್ರಗಳನ್ನು ಬೆರೆಸಿ ಮೂರನೆಯದೊಂದನ್ನು ಮಾಡುವ ಕೆಲಸ ಕಂಪ್ಯೂಟರಿನೊಂದಿಗೆ ಹುಟ್ಟಿದ್ದಲ್ಲ. ಆಕಾಶಕ್ಕೊಂದು, ಕಡಲಿಗೊಂದು ನೆಗೆಟಿವ್ ತೆಗೆದು, ಎರಡನ್ನೂ ಒಂದೇ ಕಾಗದದ ಮೇಲೆ ಮುದ್ರಿಸುವುದನ್ನು ಫ್ರಾನ್ಸಿನ ಗುಸ್ತಾವ್ ಲ ಗ್ರೇ 1850ರ ದಶಕದಲ್ಲಿಯೇ ಮಾಡಿದ್ದರು. ಆಗಿನ ಲೇಪಗಳು ನೀಲಿ ಬೆಳಕಿಗೆ ಅತಿಯಾಗಿ ಸ್ಪಂದಿಸುತ್ತಿದ್ದುದರಿಂದ ಮೋಡವನ್ನೂ ಅಲೆಯನ್ನೂ ಒಂದೇ ಸಲ ಹಿಡಿಯುವುದು ಕಷ್ಟವಾಗಿತ್ತು. ಇಂದು ಬೆರೆಸುವ ಸಾಧನ ಎಲ್ಲರ ಕೈಯಲ್ಲಿದೆ. ಆದರೂ ಕಲಿಯುವವರ ಮೊದಲ ಪ್ರಯತ್ನಗಳು ಸಾಮಾನ್ಯವಾಗಿ ಮಸುಕಾಗಿಯೋ, ಬಿಳಿಚಿಕೊಂಡೋ, ಅಂಟಿಸಿದ ತುಂಡಿನಂತೆಯೋ ಕಾಣುತ್ತವೆ, ಮತ್ತು ತಪ್ಪನ್ನು ಕೂಡಲೇ ಸಾಫ್ಟ್‌ವೇರ್‌ನ ತಲೆಗೆ ಕಟ್ಟಲಾಗುತ್ತದೆ.

ನಾನು ಕಂಡಂತೆ ಬೆರೆಸುವ ಹಂತದ ದೋಷವೆಂದು ತೋರುವ ಹೆಚ್ಚಿನವು ಚಿತ್ರ ತೆಗೆಯುವ ಹಂತದಲ್ಲಿಯೇ ಆಗಿಹೋದ ದೋಷಗಳು. ಚಿತ್ರದ ಯಾವ ಭಾಗ ಕಾಣಬೇಕು, ಯಾವುದು ಮರೆಯಾಗಬೇಕು ಎಂದು ತೀರ್ಮಾನಿಸುವ ಮಾಸ್ಕನ್ನು ಎಷ್ಟು ನಯವಾಗಿ ಬಳಿದರೂ ಕೈ ನಡುಗಿ ತೆಗೆದ ಚಿತ್ರ ಸ್ಪಷ್ಟವಾಗುವುದಿಲ್ಲ. ಆದ್ದರಿಂದ ಈ ಕೈಪಿಡಿಯು ಕಣ್ಣಿಗೆ ಬೀಳುವ ಲಕ್ಷಣದಿಂದ ಆರಂಭಿಸಿ, ಖರ್ಚಿಲ್ಲದ ಪರೀಕ್ಷೆಗಳನ್ನು ಮೊದಲು ಮುಗಿಸಿ, ಬಳಿಕ ಹೆಚ್ಚು ಶ್ರಮ ಬೇಡುವ ಪರೀಕ್ಷೆಗಳಿಗೆ ಹೋಗುತ್ತದೆ.

ಏನನ್ನೂ ತಿದ್ದುವ ಮೊದಲು

ಬೆರೆಸಿದ ಕಡತದಲ್ಲಿ ಒಂದರ ಮೇಲೊಂದು ಇರುವ ಚಿತ್ರಪದರಗಳೇ ಲೇಯರ್‌ಗಳು. ಆ ಕಡತವನ್ನು ತೆರೆದು, ಮೇಲಿನ ಲೇಯರ್‌ಗಳನ್ನೆಲ್ಲ ಮರೆಮಾಡಿ, ಒಂದೊಂದೇ ಲೇಯರನ್ನು ಶೇಕಡಾ 100ರ ಗಾತ್ರದಲ್ಲಿ ನೋಡಿ. ಪರದೆಗೆ ಹೊಂದುವಂತೆ ಕುಗ್ಗಿಸಿದ ಚಿತ್ರದಲ್ಲಿ ಅಲುಗಾಟವೂ ನಾಯ್ಸ್ ಎಂಬ ಕಣಕಣ ಗದ್ದಲವೂ ಅಡಗಿಕೊಳ್ಳುತ್ತವೆ. ಒಂಟಿಯಾಗಿ ನೋಡಿದಾಗಲೂ ದೋಷ ಉಳಿದಿದ್ದರೆ ಅದು ಕ್ಯಾಮೆರಾದಲ್ಲಿ, ಲೆನ್ಸ್‌ನಲ್ಲಿ ಅಥವಾ ನೀವು ಆರಿಸಿದ ಸೆಟ್ಟಿಂಗ್‌ನಲ್ಲಿ ಇದೆ. ಪ್ರತಿಯೊಂದು ಲೇಯರೂ ಚೆನ್ನಾಗಿದ್ದು, ಸೇರಿಸಿದಾಗ ಮಾತ್ರ ಕೆಡುತ್ತಿದ್ದರೆ ದೋಷ ಬೆರೆಸುವ ವಿಧಾನದಲ್ಲಿದೆ. ಈ ಒಂದು ಪರೀಕ್ಷೆಗೆ ಒಂದು ನಿಮಿಷವೂ ಬೇಡ, ಆದರೆ ಮುಂದೆ ಯಾವ ಭಾಗವನ್ನು ಓದಬೇಕು ಎಂಬುದನ್ನು ಇದೇ ತೀರ್ಮಾನಿಸುತ್ತದೆ.

ಜೊತೆಗೆ ಪ್ರತಿ ಕಡತದೊಳಗೆ ದಾಖಲಾಗಿರುವ ಚಿತ್ರೀಕರಣದ ವಿವರವನ್ನು, ಅಂದರೆ ಷಟರ್ ವೇಗ (ಬೆಳಕು ಒಳಬರುವ ಹೊತ್ತು), ಅಪರ್ಚರ್ (ಲೆನ್ಸ್‌ನೊಳಗೆ ಬೆಳಕು ಹಾಯುವ ಕಂಡಿಯ ಅಗಲ), ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಸೂಕ್ಷ್ಮತೆ), ಫೋಕಲ್ ಲೆಂತ್ (ಲೆನ್ಸ್ ದೃಶ್ಯವನ್ನು ಎಷ್ಟು ಹತ್ತಿರಕ್ಕೆ ತರುತ್ತದೆ ಎಂಬ ಮಿ.ಮೀ. ಅಂಕಿ) ಮತ್ತು ವೈಟ್ ಬ್ಯಾಲೆನ್ಸ್‌ (ಬೆಳಕಿನ ಬಣ್ಣಕ್ಕೆ ಹೊಂದಾಣಿಕೆ) ಇವನ್ನು, ಓದಿ ಪಕ್ಕಪಕ್ಕದಲ್ಲಿ ಬರೆದುಕೊಳ್ಳಿ. ಎರಡು ಚಿತ್ರಗಳ ನಡುವೆ ನಿಮಗೆ ಗೊತ್ತಿಲ್ಲದೆಯೇ ಬದಲಾದ ಅಂಕಿಯೊಂದು ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಮೂಲ ಕಡತಗಳ ಪ್ರತಿಯೊಂದನ್ನು ಬೇರೆಡೆ ಇರಿಸದೆ ತಿದ್ದುಪಡಿಗೆ ಕೈಹಾಕಬೇಡಿ.

ಲಕ್ಷಣ: ಚಿತ್ರ ಮಸುಕಾಗಿದೆ

ಮಸುಕು ಎಂಬ ಒಂದೇ ಮಾತಿನಲ್ಲಿ ಕನಿಷ್ಠ ನಾಲ್ಕು ಬೇರೆ ಬೇರೆ ದೋಷಗಳು ಅಡಗಿವೆ, ಮತ್ತು ನಾಲ್ಕಕ್ಕೂ ಪರಿಹಾರ ಬೇರೆ. ಆದ್ದರಿಂದ ಮಸುಕಿನ ಬಗೆಯನ್ನು ಮೊದಲು ಗುರುತಿಸಬೇಕು.

ಚಿತ್ರದಲ್ಲಿರುವ ದೀಪ ಅಥವಾ ಹೊಳಪಿನ ಚುಕ್ಕೆಯೊಂದನ್ನು ಹಿಗ್ಗಿಸಿ ನೋಡಿ. ಚುಕ್ಕೆಗಳೆಲ್ಲ ಒಂದೇ ದಿಕ್ಕಿಗೆ ಎಳೆದ ಗೆರೆಗಳಾಗಿದ್ದರೆ ಕ್ಯಾಮೆರಾ ಅಲುಗಿದೆ. ಗೋಡೆ, ಕಂಬ, ನೆಲ ಸ್ಪಷ್ಟವಾಗಿದ್ದು ನಡೆಯುತ್ತಿರುವ ವ್ಯಕ್ತಿ ಮಾತ್ರ ಕಲಸಿಹೋಗಿದ್ದರೆ ಅಲುಗಿದ್ದು ವ್ಯಕ್ತಿ, ನಿಮ್ಮ ಕೈಯಲ್ಲ. ಮುಖ ಮಸುಕಾಗಿ ಅದರ ಹಿಂದಿನ ಗಿಡವೋ ಮುಂದಿನ ಕುರ್ಚಿಯೋ ಚೂಪಾಗಿ ಬಂದಿದ್ದರೆ ಫೋಕಸ್ ತಪ್ಪಿದ ಜಾಗಕ್ಕೆ ಹೋಗಿದೆ. ಎಲ್ಲಿಯೂ ಚೂಪಿಲ್ಲದೆ, ಇಡೀ ಚಿತ್ರಕ್ಕೆ ಹಾಲಿನ ತೆರೆ ಎಳೆದಂತಿದ್ದರೆ ಲೆನ್ಸ್‌ನ ಮುಂಗಾಜಿನ ಮೇಲೆ ಬೆರಳಚ್ಚು, ಧೂಳು ಅಥವಾ ತೇವ ಇರುವ ಸಂಭವವೇ ಹೆಚ್ಚು.

ಕೊನೆಯದರಿಂದಲೇ ಆರಂಭಿಸೋಣ, ಏಕೆಂದರೆ ಅದು ಅತಿ ಸುಲಭ. ಮೊದಲು ಊದುಬುರುಡೆಯಿಂದ ಧೂಳನ್ನು ಹಾರಿಸಿ, ನಂತರವೇ ಮೃದುವಾದ ಮೈಕ್ರೋಫೈಬರ್ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ಸುತ್ತುತ್ತಾ ಒರೆಸಿ. ಧೂಳಿರುವಾಗಲೇ ಒರೆಸಿದರೆ ಅದೇ ಧೂಳು ಗಾಜಿನ ಲೇಪವನ್ನು ಗೀರುತ್ತದೆ. ತಂಪಾದ ಕೋಣೆಯಿಂದ ಬಿಸಿಯೂ ತೇವವೂ ಇರುವ ಹೊರಗಾಳಿಗೆ ಬಂದೊಡನೆ ಮಸುಕು ಕಾಣಿಸಿಕೊಂಡಿದ್ದರೆ ಅದು ಗಾಜಿನ ಮೇಲೆ ಕಟ್ಟಿದ ಮಂಜು. ಅದು ತಾನಾಗಿಯೇ ಆರಲಿ. ಆ ಹೊತ್ತಿನಲ್ಲಿ ಲೆನ್ಸ್ ಬದಲಾಯಿಸಿದರೆ ತೇವ ಕ್ಯಾಮೆರಾದ ಒಳಕ್ಕೆ ಹೋಗುತ್ತದೆ. ಹೊರಡುವ ಮೊದಲೇ ಕ್ಯಾಮೆರಾವನ್ನು ಬಿಗಿಯಾಗಿ ಮುಚ್ಚಿದ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಹೊರಗಿನ ಶಾಖಕ್ಕೆ ಹೊಂದಿಕೊಂಡ ಬಳಿಕ ತೆಗೆದರೆ ಈ ತೊಂದರೆಯೇ ಬರುವುದಿಲ್ಲ.

ಕ್ಯಾಮೆರಾ ಅಲುಗಿದ್ದರೆ ಷಟರ್ ವೇಗವನ್ನು ಫೋಕಲ್ ಲೆಂತ್‌ಗೆ ಹೋಲಿಸಿ ನೋಡಿ. ಕೈಯಲ್ಲಿ ಹಿಡಿದು ತೆಗೆಯುವಾಗ 50 ಮಿ.ಮೀ. ಲೆನ್ಸ್‌ಗೆ ಸೆಕೆಂಡಿನ 1/50, 200 ಮಿ.ಮೀ. ಲೆನ್ಸ್‌ಗೆ 1/200 ಭಾಗಕ್ಕಿಂತ ನಿಧಾನವಾಗಬಾರದು ಎಂಬುದು ಹಳೆಯ ಲೆಕ್ಕ. ದೃಶ್ಯದ ನಡುಭಾಗವನ್ನಷ್ಟೇ ಹಿಡಿಯುವ, 1.5 ಪಟ್ಟು ಕ್ರಾಪ್ ಇರುವ ಚಿಕ್ಕ ಸೆನ್ಸರ್‌ನಲ್ಲಿ ಅದೇ 200 ಮಿ.ಮೀ.ಗೆ 1/300 ಬೇಕಾಗುತ್ತದೆ. ಹೆಚ್ಚು ಮೆಗಾಪಿಕ್ಸೆಲ್‌ನ ಕ್ಯಾಮೆರಾಗಳಲ್ಲಿ ಈ ಲೆಕ್ಕವನ್ನೂ ದುಪ್ಪಟ್ಟು ಮಾಡಿಕೊಳ್ಳುವುದು ಒಳ್ಳೆಯದು. ಲೆನ್ಸ್‌ನಲ್ಲಿರುವ ಸ್ಟೆಬಿಲೈಸರ್ ನಿಮ್ಮ ಕೈಯ ನಡುಕವನ್ನು ಕಡಿಮೆ ಮಾಡುತ್ತದೆಯೇ ಹೊರತು ಓಡುವ ಮಗುವನ್ನು ನಿಲ್ಲಿಸುವುದಿಲ್ಲ. ಅದಕ್ಕೆ 1/500 ಅಥವಾ ಇನ್ನೂ ಚುರುಕಾದ ವೇಗವೇ ಬೇಕು. ವೇಗ ಹೆಚ್ಚಿಸಿದಾಗ ಬೆಳಕು ಸಾಲದಿದ್ದರೆ ಐಎಸ್‌ಒ ಏರಿಸಲು ಅಂಜಬೇಡಿ. ನಾಯ್ಸ್ ಬಂದರೆ ಬಳಿಕ ತಗ್ಗಿಸಬಹುದು, ಕಲಸಿಹೋದ ಕಣ್ಣನ್ನು ಮರಳಿ ತರಲಾಗದು.

ಟ್ರೈಪಾಡ್ ಮೇಲಿದ್ದರೂ ಮಸುಕಾಗುತ್ತಿದ್ದರೆ ಗುಂಡಿಯನ್ನು ಬೆರಳಿನಿಂದ ಒತ್ತುವ ಬದಲು 2 ಸೆಕೆಂಡಿನ ಸೆಲ್ಫ್ ಟೈಮರ್ ಬಳಸಿ. ಕೆಲವು ಲೆನ್ಸ್‌ಗಳಲ್ಲಿ ಸ್ಟೆಬಿಲೈಸರ್ ಟ್ರೈಪಾಡ್ ಮೇಲೆ ತಾನೇ ಕಂಪನ ಹುಟ್ಟಿಸುತ್ತದೆ, ಆದ್ದರಿಂದ ಅದನ್ನು ಬಂದ್ ಮಾಡಿ ಒಮ್ಮೆ ತೆಗೆದು ನೋಡಿ. ಟ್ರೈಪಾಡ್‌ನ ನಡುಗಂಬವನ್ನು ಮೇಲಕ್ಕೆತ್ತಿದ್ದರೆ ಇಳಿಸಿ.

ಫೋಕಸ್ ತಪ್ಪುತ್ತಿದ್ದರೆ ಲೆನ್ಸ್ ಮೇಲಿನ ಆಟೊ–ಮ್ಯಾನುಯಲ್ ಗುಂಡಿ ಜಾರಿದೆಯೇ ಎಂದು ಮೊದಲು ನೋಡಬೇಕು. ಅನುಭವಿಗಳೂ ಇಲ್ಲಿ ಎಡವುತ್ತಾರೆ. ಎರಡನೆಯದಾಗಿ, ಕ್ಯಾಮೆರಾ ತನಗೆ ತೋಚಿದ ಬಿಂದುವನ್ನು ಆರಿಸುತ್ತಿದ್ದರೆ ಅದನ್ನು ಒಂದೇ ಬಿಂದುವಿಗೆ ಬದಲಿಸಿ ಹತ್ತಿರದ ಕಣ್ಣಿನ ಮೇಲೆ ಇಡಿ. ಲೆನ್ಸ್ ಹಿಂದೆ ಮುಂದೆ ಓಡಾಡಿ ನಿಲ್ಲದಿದ್ದರೆ ನೀವು ಅದರ ಕನಿಷ್ಠ ಫೋಕಸ್ ದೂರಕ್ಕಿಂತ ಹತ್ತಿರ ನಿಂತಿರಬಹುದು. ವ್ಯೂಫೈಂಡರ್‌ನಲ್ಲಿ ಎಲ್ಲವೂ ಮಸುಕಾಗಿ ಕಂಡು ತೆಗೆದ ಚಿತ್ರ ಮಾತ್ರ ಚೆನ್ನಾಗಿದ್ದರೆ ಕ್ಯಾಮೆರಾದಲ್ಲಿ ದೋಷವೇ ಇಲ್ಲ: ಐಪೀಸ್ ಪಕ್ಕದ ಚಿಕ್ಕ ಡಯಾಪ್ಟರ್ ಚಕ್ರವನ್ನು ಒಳಗಿನ ಅಂಕಿಗಳು ಸ್ಪಷ್ಟವಾಗುವವರೆಗೆ ತಿರುಗಿಸಿದರೆ ಸಾಕು.

ಇಷ್ಟಾದರೂ ಸರಿಹೋಗದಿದ್ದರೆ ಒಂದು ಅಳತೆಪಟ್ಟಿಯನ್ನು 45 ಡಿಗ್ರಿ ಓರೆಯಾಗಿ ಇಟ್ಟು, ಟ್ರೈಪಾಡ್ ಮೇಲಿಂದ, ಅಪರ್ಚರನ್ನು ಪೂರ್ತಿ ತೆರೆದು, ನಡುವಿನ ಒಂದು ಗುರುತಿಗೆ ಫೋಕಸ್ ಮಾಡಿ ಹತ್ತು ಚಿತ್ರ ತೆಗೆಯಿರಿ. ಪ್ರತಿಸಲವೂ ಗುರುತಿನ ಮುಂದೆಯೇ ಅಥವಾ ಹಿಂದೆಯೇ ಚೂಪು ಬರುತ್ತಿದ್ದು, ಹಿಂಬದಿಯ ಪರದೆಯಲ್ಲಿ ಲೈವ್ ವ್ಯೂ ಮೂಲಕ ತೆಗೆದಾಗ ಮಾತ್ರ ಸರಿಯಿದ್ದರೆ, ಕನ್ನಡಿಯಿರುವ ಕ್ಯಾಮೆರಾದ ಫೋಕಸ್ ಘಟಕಕ್ಕೂ ಲೆನ್ಸ್‌ಗೂ ಹೊಂದಾಣಿಕೆ ತಪ್ಪಿದೆ ಎಂದರ್ಥ. ಮೆನುವಿನಲ್ಲಿ ಸೂಕ್ಷ್ಮ ಹೊಂದಾಣಿಕೆಯ ಸೌಲಭ್ಯವಿದ್ದರೆ ಪ್ರಯತ್ನಿಸಬಹುದು. ಚಿತ್ರದ ಒಂದೇ ಪಕ್ಕ ಸದಾ ಮಸುಕಾಗುವುದು ಬೇರೆಯೇ ಲಕ್ಷಣ. ಸಮತಟ್ಟಾದ ಇಟ್ಟಿಗೆ ಗೋಡೆಯನ್ನು ನೇರವಾಗಿ ತೆಗೆದು, ಕ್ಯಾಮೆರಾವನ್ನು ತಲೆಕೆಳಗು ಮಾಡಿ ಮತ್ತೊಮ್ಮೆ ತೆಗೆಯಿರಿ. ತಿರುಗಿಸದೆ ನೋಡಿದಾಗ ಎರಡೂ ಚಿತ್ರಗಳ ಅದೇ ಪಕ್ಕ ಮಸುಕಾಗಿದ್ದರೆ ಲೆನ್ಸ್‌ನೊಳಗಿನ ಗಾಜು ಓರೆಯಾಗಿದೆ. ಮಸುಕು ಇನ್ನೊಂದು ಪಕ್ಕಕ್ಕೆ ಹೋದರೆ ನೀವೇ ಗೋಡೆಗೆ ಓರೆಯಾಗಿ ನಿಂತಿದ್ದಿರಿ. ಓರೆಯಾದ ಗಾಜನ್ನು ಮನೆಯಲ್ಲಿ ಸರಿಪಡಿಸಲು ಸಾಧ್ಯವಿಲ್ಲ. ಅಲ್ಲಿಗೆ ನಿಲ್ಲಿಸಿ ತಜ್ಞರಿಗೆ ಒಪ್ಪಿಸಿ.

ಲಕ್ಷಣ: ಮೂಲಚಿತ್ರ ತೀರಾ ಕಪ್ಪು, ತೀರಾ ಬಿಳಿ ಅಥವಾ ಕೊಳಕು ಬೂದು

ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಎಂಬ, ಚಿತ್ರವನ್ನು ಬೇಕೆಂದೇ ಬೆಳಗಿಸುವ ಅಥವಾ ಕಪ್ಪಾಗಿಸುವ ಅಂಕಿ ಸೊನ್ನೆಯಲ್ಲಿದೆಯೇ ಎಂಬುದು ಮೊದಲ ಪ್ರಶ್ನೆ. ಹಿಂದಿನ ದಿನ ಬದಲಿಸಿ ಮರೆತಿರುವುದು ಎಲ್ಲರ ಅನುಭವ. ಅದು ಸರಿಯಿದ್ದರೆ ಕ್ಯಾಮೆರಾದ ಮೀಟರ್ ಹೇಗೆ ಆಲೋಚಿಸುತ್ತದೆ ಎಂಬುದನ್ನು ಅರಿಯಬೇಕು. ತನ್ನ ಮುಂದಿರುವುದೆಲ್ಲ ಸರಾಸರಿಯಲ್ಲಿ ನಡುಬೂದು ಬಣ್ಣದ್ದು ಎಂದು ಅದು ಭಾವಿಸುತ್ತದೆ. ಹಿಮವನ್ನೋ ಬಿಳಿ ಬಟ್ಟೆಯನ್ನೋ ಚೌಕಟ್ಟು ತುಂಬ ತೋರಿಸಿದರೆ ಅದನ್ನು ಬೂದು ಮಾಡುತ್ತದೆ, ಕಪ್ಪು ಹಲಗೆಯನ್ನು ತೋರಿಸಿದರೆ ಅದನ್ನೂ ಬೂದೇ ಮಾಡುತ್ತದೆ. ಇದು ದೋಷವಲ್ಲ, ಮೀಟರಿನ ಸ್ವಭಾವ. ಬಿಳಿ ವಸ್ತುವಿಗೆ +1ರಿಂದ +2 ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ದುಪ್ಪಟ್ಟಾಗುವುದು ಅಥವಾ ಅರ್ಧವಾಗುವುದು), ಕಪ್ಪು ವಸ್ತುವಿಗೆ −1ರಷ್ಟು ಕೊಟ್ಟರೆ ಬಣ್ಣ ತನ್ನ ಜಾಗಕ್ಕೆ ಬರುತ್ತದೆ.

ಪರದೆಯ ಹೊಳಪನ್ನು ನಂಬಬೇಡಿ, ಎಡತುದಿಯ ಕಪ್ಪಿನಿಂದ ಬಲತುದಿಯ ಬಿಳಿಯವರೆಗೆ ಬೆಳಕಿನ ಹಂಚಿಕೆಯನ್ನು ಗುಡ್ಡದಂತೆ ತೋರಿಸುವ ನಕ್ಷೆಯಾದ ಹಿಸ್ಟೋಗ್ರಾಂ ನೋಡಿ. ಗುಡ್ಡ ಬಲಗೋಡೆಗೆ ಒತ್ತಿಕೊಂಡು ನಿಂತಿದ್ದರೆ ಬಿಳಿಯ ವಿವರ ಹೋಗಿದೆ, ಎಡಗೋಡೆಗೆ ಒತ್ತಿಕೊಂಡಿದ್ದರೆ ಕಪ್ಪಿನ ವಿವರ ಹೋಗಿದೆ. ಬೆರೆಸುವ ಉದ್ದೇಶವಿದ್ದಾಗ ಮಾತ್ರ ಈ ನಿಯಮಕ್ಕೆ ಒಂದು ಸೊಗಸಾದ ಅಪವಾದವಿದೆ. ಅದನ್ನು ಮುಂದಿನ ಭಾಗದಲ್ಲಿ ನೋಡೋಣ.

ಎಚ್ಚರಿಕೆ: ಹಿಂಬೆಳಕಿನ ನೆರಳುರೂಪ ತೆಗೆಯುವಾಗ ಆಪ್ಟಿಕಲ್ ವ್ಯೂಫೈಂಡರ್ ಮೂಲಕ, ಅದರಲ್ಲೂ ಟೆಲಿ ಲೆನ್ಸ್ ಮೂಲಕ, ಸೂರ್ಯನನ್ನು ನೋಡಲೇಬಾರದು. ಲೆನ್ಸ್ ಸೂರ್ಯನ ಶಾಖವನ್ನೂ ಬೆಳಕನ್ನೂ ಒಟ್ಟುಗೂಡಿಸಿ ಕಣ್ಣಿನ ಅಕ್ಷಿಪಟಲವನ್ನು ಶಾಶ್ವತವಾಗಿ ಸುಡಬಲ್ಲದು, ಮತ್ತು ಆಗ ನೋವೂ ತಿಳಿಯುವುದಿಲ್ಲ. ಬೆಳಕು ತಗ್ಗಿಸುವ ಸಾಮಾನ್ಯ ಎನ್‌ಡಿ ಫಿಲ್ಟರ್‌ಗಳು ಕಣ್ಣಿಗೆ ರಕ್ಷಣೆಯಲ್ಲ. ಸೂರ್ಯನನ್ನೇ ತೆಗೆಯುವುದಿದ್ದರೆ ಅದಕ್ಕೆಂದೇ ತಯಾರಾದ ಸೌರ ಫಿಲ್ಟರ್ ಲೆನ್ಸ್‌ನ ಮುಂಭಾಗದಲ್ಲಿರಬೇಕು. ಸೂರ್ಯನನ್ನು ನೋಡಿದ ಬಳಿಕ ದೃಷ್ಟಿಯ ನಡುವೆ ಕಲೆ ಉಳಿದುಕೊಂಡರೆ ಕ್ಯಾಮೆರಾವನ್ನು ಬದಿಗಿಟ್ಟು ಕಣ್ಣಿನ ವೈದ್ಯರನ್ನು ಕಾಣಿ.

ಲಕ್ಷಣ: ಎರಡು ಚಿತ್ರ ಸೇರಿದೊಡನೆ ಎಲ್ಲವೂ ಬಿಳಿಚಿಕೊಂಡಿದೆ, ಅಥವಾ ಎರಡನೆಯದು ಕಾಣಿಸುತ್ತಲೇ ಇಲ್ಲ

ಹೊಸಬರನ್ನು ಅತಿ ಹೆಚ್ಚು ಕಾಡುವ ದೋಷ ಇದೇ, ಮತ್ತು ಇದರ ಹಿಂದಿರುವುದು ಬರೀ ಕೂಡುವ ಲೆಕ್ಕ. ಕ್ಯಾಮೆರಾದಲ್ಲಿರುವ ಮಲ್ಟಿಪಲ್ ಎಕ್ಸ್‌ಪೋಷರ್ ಸೌಲಭ್ಯವನ್ನು ಕೂಡುವ ವಿಧಾನದಲ್ಲಿ ಇಟ್ಟಿದ್ದರೆ ಎರಡೂ ಚಿತ್ರಗಳ ಬೆಳಕು ಒಂದರ ಮೇಲೊಂದು ಬೀಳುತ್ತದೆ. ಎರಡನ್ನೂ ಪೂರ್ಣ ಬೆಳಕಿನಲ್ಲಿ ತೆಗೆದರೆ ಮೊತ್ತ ದುಪ್ಪಟ್ಟಾಗಿ ಒಂದು ಸ್ಟಾಪ್‌ನಷ್ಟು ಹೆಚ್ಚಾಗುತ್ತದೆ. ಆದ್ದರಿಂದ ಎರಡು ಚಿತ್ರಗಳಿಗೆ ತಲಾ −1, ಮೂರಕ್ಕೆ ತಲಾ ಸುಮಾರು −1.5, ನಾಲ್ಕಕ್ಕೆ ತಲಾ −2 ಸ್ಟಾಪ್ ಕೊಡಬೇಕು. ಸರಾಸರಿ ವಿಧಾನವನ್ನು ಆರಿಸಿದರೆ ಕ್ಯಾಮೆರಾ ತಾನೇ ಈ ಲೆಕ್ಕ ಮಾಡಿಕೊಳ್ಳುತ್ತದೆ. ಆಗ ಮತ್ತೆ ನೀವೂ ತಗ್ಗಿಸಿದರೆ ಚಿತ್ರ ಕಪ್ಪಾಗುತ್ತದೆ. ಹಾಗಾಗಿ ಮೊದಲು ಮೆನು ತೆರೆದು ಯಾವ ವಿಧಾನದಲ್ಲಿದ್ದೀರಿ ಎಂದು ನೋಡಿ.

ಎಕ್ಸ್‌ಪೋಷರ್ ಸರಿಯಿದ್ದೂ ಮುಖದೊಳಗೆ ಎಲೆಗಳೋ ಅಲೆಗಳೋ ಮೂಡುತ್ತಿಲ್ಲವಾದರೆ ಕಾರಣ ಮೊದಲ ಚಿತ್ರದ ಬೆಳಕಿನ ಹಂಚಿಕೆಯಲ್ಲಿದೆ. ಈಗಾಗಲೇ ಪೂರ್ತಿ ಬಿಳಿಯಾದ ಜಾಗಕ್ಕೆ ಎಷ್ಟು ಬೆಳಕು ಸುರಿದರೂ ಅದು ಇನ್ನೂ ಬಿಳಿಯಾಗದು. ಕಪ್ಪಾಗಿ ಉಳಿದ ಜಾಗ ಖಾಲಿ ಪಾತ್ರೆಯಂತೆ, ಅಲ್ಲಿ ಎರಡನೆಯ ಚಿತ್ರ ತುಂಬಿಕೊಳ್ಳುತ್ತದೆ. ಮುಖದ ಪಾರ್ಶ್ವನೋಟದೊಳಗೆ ಕಾಡು ಮೂಡಬೇಕಾದರೆ ಮೊದಲ ಚಿತ್ರದಲ್ಲಿ ಮುಖ ಕಡುಗಪ್ಪಾಗಿ, ಹಿನ್ನೆಲೆ ಉದ್ದೇಶಪೂರ್ವಕವಾಗಿ ಬಿಳಿಯಾಗಿ ಸುಟ್ಟುಹೋಗಿರಬೇಕು. ಹಿಸ್ಟೋಗ್ರಾಂನ ಬಲಗೋಡೆಯನ್ನು ಮುಟ್ಟಬಾರದೆಂಬ ನಿಯಮಕ್ಕೆ ನಾನು ಹೇಳಿದ ಅಪವಾದ ಇದೇ. ಸಾಮಾನ್ಯವಾಗಿ ಆಗುವುದೇನೆಂದರೆ ಮುಖ ಕಪ್ಪಾಗದೆ ನಡುಬೂದಾಗಿ ಉಳಿಯುತ್ತದೆ, ಹಿನ್ನೆಲೆಯೂ ಬಿಳಿಯಾಗದೆ ತಿಳಿಬೂದಾಗಿ ಉಳಿಯುತ್ತದೆ, ಆಗ ಎರಡನೆಯ ಚಿತ್ರ ಎಲ್ಲೆಡೆ ಅರೆಬರೆಯಾಗಿ ಹರಡಿ ಇಡೀ ಚಿತ್ರ ತೊಳೆದಂತಾಗುತ್ತದೆ. ವ್ಯಕ್ತಿಯನ್ನು ಮೋಡ ಕವಿದ ಆಕಾಶ ಅಥವಾ ಬೆಳಗಿದ ಕಿಟಕಿಯ ಎದುರು ನಿಲ್ಲಿಸಿ, ಅವರ ಮುಖಕ್ಕೆ ಮುಂದಿನಿಂದ ಬೆಳಕು ಬೀಳದಂತೆ ನೋಡಿಕೊಂಡು ಮತ್ತೆ ತೆಗೆಯಿರಿ.

ಸಾಫ್ಟ್‌ವೇರ್‌ನಲ್ಲಿ ಇದೇ ಕೆಲಸಕ್ಕೆ ಸ್ಕ್ರೀನ್ ಎಂಬ ಬ್ಲೆಂಡ್ ಮೋಡ್ (ಮೇಲಿನ ಲೇಯರ್ ಕೆಳಗಿನದರೊಂದಿಗೆ ಬೆರೆಯುವ ಬಗೆ) ಇದೆ. ಸ್ಕ್ರೀನ್‌ನಲ್ಲಿ ಕಪ್ಪು ಏನೂ ಮಾಡುವುದಿಲ್ಲ, ಬಿಳಿ ಎಲ್ಲವನ್ನೂ ಬಿಳಿ ಮಾಡುತ್ತದೆ. ಮಲ್ಟಿಪ್ಲೈ ಇದಕ್ಕೆ ತದ್ವಿರುದ್ಧ: ಬಿಳಿ ಮಾಯವಾಗುತ್ತದೆ, ಕಪ್ಪು ಉಳಿಯುತ್ತದೆ. ಓವರ್‌ಲೇ ಮತ್ತು ಸಾಫ್ಟ್ ಲೈಟ್‌ಗಳಲ್ಲಿ ಮೇಲಿನ ಲೇಯರ್‌ನ ನಡುಬೂದು ಪರಿಣಾಮವಿಲ್ಲದ ಬಣ್ಣ, ಅದಕ್ಕಿಂತ ತಿಳಿಯಾದುದು ಬೆಳಗಿಸುತ್ತದೆ, ಗಾಢವಾದುದು ಕಪ್ಪಾಗಿಸುತ್ತದೆ. ಇಷ್ಟು ಗೊತ್ತಿದ್ದರೆ ದೋಷ ಹುಡುಕುವುದು ಸುಲಭ. ಸ್ಕ್ರೀನ್‌ನಲ್ಲಿ ಚಿತ್ರ ಬಿಳಿಚಿಕೊಂಡರೆ ಕಪ್ಪು–ಬಿಳಿಯ ಮಿತಿ ತಿದ್ದುವ ಲೆವೆಲ್ಸ್ ಎಂಬ ಸಾಧನದ ಮೂಲಕ ಲೇಯರ್‌ನ ಕಪ್ಪನ್ನು ನಿಜವಾದ ಕಪ್ಪಿಗೆ ಇಳಿಸಿ. ಮಲ್ಟಿಪ್ಲೈನಲ್ಲಿ ಎಲ್ಲವೂ ಕೊಳಕಾದರೆ ಬಿಳಿ ಹಿನ್ನೆಲೆ ನಿಜವಾಗಿ ಬಿಳಿಯಿಲ್ಲ, ಅದನ್ನು ಮೇಲಕ್ಕೆತ್ತಿ. ಮೋಡ್‌ಗಳ ಪಟ್ಟಿಯನ್ನು ಮೇಲಿಂದ ಕೆಳಗೆ ಒಂದೊಂದಾಗಿ ಒತ್ತಿ ಅದೃಷ್ಟ ಪರೀಕ್ಷಿಸುವುದು ನನಗೆ ಎಂದೂ ಒಪ್ಪಿಗೆಯಾಗಿಲ್ಲ. ಯಾವ ಬಣ್ಣ ಮಾಯವಾಗಬೇಕು ಎಂದು ಮೊದಲು ಕೇಳಿಕೊಂಡರೆ ಮೋಡ್ ತಾನಾಗಿಯೇ ತೀರ್ಮಾನವಾಗುತ್ತದೆ.

ಇನ್ನು ಎರಡನೆಯ ಲೇಯರ್ ಸ್ವಲ್ಪವೂ ಕಾಣದಿದ್ದರೆ ಕ್ರಮವಾಗಿ ನೋಡಿ: ಲೇಯರ್ ಪಕ್ಕದ ಕಣ್ಣಿನ ಗುರುತು ಆರಿದೆಯೇ, ಒಪ್ಯಾಸಿಟಿ (ಲೇಯರ್ ಎಷ್ಟು ಗಾಢವಾಗಿ ಕಾಣಬೇಕೆಂಬ ಅಂಕಿ) ಸೊನ್ನೆಯಾಗಿದೆಯೇ, ಲೇಯರ್‌ಗಳ ಮೇಲು–ಕೆಳಗು ಅದಲುಬದಲಾಗಿದೆಯೇ, ಮಾಸ್ಕ್ ಪೂರ್ತಿ ಕಪ್ಪಾಗಿದೆಯೇ. ಕುಂಚ ಬಳಿದರೂ ಮಾಸ್ಕ್ ಬದಲಾಗದೆ ಚಿತ್ರದ ಮೇಲೆ ಕಪ್ಪು ಬಣ್ಣ ಬೀಳುತ್ತಿದ್ದರೆ, ಮಾಸ್ಕ್‌ನ ಬದಲು ಚಿತ್ರವನ್ನೇ ಆಯ್ದುಕೊಂಡಿದ್ದೀರಿ.

ಲಕ್ಷಣ: ಅಂಚುಗಳು ಎರಡೆರಡಾಗಿ ಕಾಣುತ್ತಿವೆ

ಬೇರೆ ಬೇರೆ ಎಕ್ಸ್‌ಪೋಷರ್‌ಗಳನ್ನೋ, ಬೇರೆ ಬೇರೆ ಫೋಕಸ್‌ಗಳನ್ನೋ ಒಂದುಗೂಡಿಸಿದಾಗ ಕಂಬಗಳು ಜೋಡಿಯಾಗಿ ಕಂಡರೆ, ಜೋಡಿಗೆರೆಗಳು ಚಿತ್ರದ ಎಲ್ಲೆಡೆ ಒಂದೇ ಅಂತರದಲ್ಲಿವೆಯೇ ಎಂದು ಗಮನಿಸಿ. ಒಂದೇ ಅಂತರವಿದ್ದರೆ ಕ್ಯಾಮೆರಾ ಸ್ವಲ್ಪ ಸರಿದಿದೆ. ಲೇಯರ್‌ಗಳನ್ನು ಸ್ವಯಂ ಹೊಂದಿಸುವ ಆಜ್ಞೆ ಇದನ್ನು ಬಹುಮಟ್ಟಿಗೆ ಸರಿಪಡಿಸುತ್ತದೆ. ನಡುವೆ ಸರಿಯಿದ್ದು ಅಂಚಿಗೆ ಹೋದಂತೆ ಅಂತರ ಹೆಚ್ಚುತ್ತಿದ್ದರೆ ಚಿತ್ರದ ಗಾತ್ರವೇ ಬದಲಾಗಿದೆ: ಕೆಳಮುಖವಾಗಿ ಹಿಡಿದ ಜೂಮ್ ಲೆನ್ಸ್ ತನ್ನ ಭಾರಕ್ಕೆ ಜಾರಿರಬಹುದು, ಅಥವಾ ಫೋಕಸ್ ಬದಲಿಸಿದಾಗ ಲೆನ್ಸ್‌ನ ನೋಟಕೋನ ತುಸು ಹಿಗ್ಗಿ ಕುಗ್ಗಿರಬಹುದು. ಗಾತ್ರವನ್ನೂ ಸರಿದೂಗಿಸುವ ಹೊಂದಾಣಿಕೆ ಆರಿಸಿ, ಅಂಚುಗಳನ್ನು ಕತ್ತರಿಸಲು ಜಾಗ ಬಿಟ್ಟು ತೆಗೆಯಿರಿ.

ಹತ್ತಿರದ ವಸ್ತುಗಳು ಮಾತ್ರ ಜೋಡಿಯಾಗಿ ದೂರದ ಬೆಟ್ಟ ಸರಿಯಾಗಿ ಕೂತಿದ್ದರೆ ಅದು ಪ್ಯಾರಲ್ಯಾಕ್ಸ್. ಪನೋರಮಾ ಜೋಡಿಸುವವರಿಗೆ ಇದು ಹಳೆಯ ಶತ್ರು. ಒಂದು ಬೆರಳನ್ನು ಮುಖದ ಮುಂದೆ ಹಿಡಿದು ಎಡಗಣ್ಣು, ಬಲಗಣ್ಣು ಒಂದೊಂದಾಗಿ ಮುಚ್ಚಿದರೆ ಬೆರಳು ಜಾಗ ಬದಲಿಸಿದಂತೆ ಕಾಣುತ್ತದಲ್ಲವೇ, ಕಾರಣ ಅದೇ. ಕ್ಯಾಮೆರಾ ತಿರುಗುವ ಅಕ್ಷ ಲೆನ್ಸ್‌ನೊಳಗೆ ಅಪರ್ಚರ್‌ನ ಬಿಂಬ ಕಾಣುವ ಜಾಗದ ಮೇಲಿದ್ದರೆ ಮಾತ್ರ ಹತ್ತಿರದ್ದೂ ದೂರದ್ದೂ ಒಟ್ಟಿಗೆ ಸರಿಯುತ್ತವೆ. ಪರೀಕ್ಷೆ ಸುಲಭ: ಹತ್ತಿರದ ಒಂದು ಕಡ್ಡಿಯನ್ನು ದೂರದ ಒಂದು ಕಂಬದ ನೇರಕ್ಕೆ ನಿಲ್ಲಿಸಿ ಕ್ಯಾಮೆರಾವನ್ನು ತಿರುಗಿಸಿ. ಎರಡೂ ಬೇರ್ಪಟ್ಟರೆ ಕ್ಯಾಮೆರಾವನ್ನು ಟ್ರೈಪಾಡ್ ತಲೆಯ ಮೇಲೆ ಹಿಂದಕ್ಕೋ ಮುಂದಕ್ಕೋ ಸರಿಸಿ ಮತ್ತೆ ನೋಡಿ. ವಿಶೇಷ ಹಳಿ ಇಲ್ಲದಿದ್ದರೆ ಚೌಕಟ್ಟಿನಲ್ಲಿ ತೀರಾ ಹತ್ತಿರದ ವಸ್ತು ಬಾರದಂತೆ ನಿಂತುಕೊಳ್ಳುವುದೇ ಅಗ್ಗದ ಪರಿಹಾರ. ಪಕ್ಕದ ಚಿತ್ರಗಳು ಒಂದರ ಮೇಲೊಂದು ಮೂರನೇ ಒಂದು ಭಾಗದಷ್ಟಾದರೂ ಹಾಯುವಂತಿರಲಿ.

ಎಲೆ, ಅಲೆ, ಜನರಂತಹ ಚಲಿಸುವ ವಸ್ತುಗಳು ಮಾತ್ರ ದೆವ್ವದಂತೆ ಅರೆಪಾರದರ್ಶಕವಾಗಿ ಕಂಡರೆ ಕ್ಯಾಮೆರಾದ ತಪ್ಪಿಲ್ಲ, ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವೆ ಅವು ಸರಿದಿವೆ. ಆ ಭಾಗಕ್ಕೆ ಒಂದೇ ಲೇಯರನ್ನು ಉಳಿಸಿಕೊಂಡು ಉಳಿದವನ್ನು ಮಾಸ್ಕ್‌ನಿಂದ ಮುಚ್ಚಿ. ಗಾಳಿ ಜೋರಾಗಿದ್ದರೆ ನಾನು ಮೂರು ಚಿತ್ರಗಳ ಆಸೆಯನ್ನೇ ಬಿಟ್ಟು, ಒಂದೇ ರಾ ಕಡತವನ್ನು (ಕ್ಯಾಮೆರಾ ಸಂಸ್ಕರಿಸದೆ ಉಳಿಸಿದ ಮೂಲ ದತ್ತಾಂಶವನ್ನು) ಆಕಾಶಕ್ಕೊಮ್ಮೆ, ನೆಲಕ್ಕೊಮ್ಮೆ ಬೇರೆಬೇರೆಯಾಗಿ ಸಂಸ್ಕರಿಸಿ ಬೆರೆಸುತ್ತೇನೆ. ನೆರಳಿನಲ್ಲಿ ಸ್ವಲ್ಪ ನಾಯ್ಸ್ ಬರುತ್ತದೆ, ಆದರೆ ಎಲೆಗಳು ಒಂದೇ ಜಾಗದಲ್ಲಿರುತ್ತವೆ.

ಎಕ್ಸ್‌ಪೋಷರ್ ಸರಣಿ ತೆಗೆಯುವಾಗ ಷಟರ್ ವೇಗವನ್ನು ಮಾತ್ರ ಬದಲಿಸಿ. ಅಪರ್ಚರ್ ಬದಲಿಸಿದರೆ ಸ್ಪಷ್ಟತೆಯ ಆಳವೂ ಬದಲಾಗಿ ಮಸುಕಾದ ಹಿನ್ನೆಲೆಯ ಅಂಚುಗಳು ಹೊಂದುವುದಿಲ್ಲ. ಫೋಕಸ್, ವೈಟ್ ಬ್ಯಾಲೆನ್ಸ್, ಐಎಸ್‌ಒ ಮೂರನ್ನೂ ಸ್ವಯಂಚಾಲಿತದಿಂದ ತಪ್ಪಿಸಿ. ಆಟೊ ಐಎಸ್‌ಒ ಚಾಲೂ ಇದ್ದರೆ ನೀವು ಷಟರ್ ಬದಲಿಸಿದಷ್ಟನ್ನೂ ಅದು ಸದ್ದಿಲ್ಲದೆ ಸರಿದೂಗಿಸಿಬಿಡುತ್ತದೆ, ಮೂರೂ ಚಿತ್ರ ಒಂದೇ ತೆರನಾಗಿ ಬಂದು ನೀವು ಬೆರಗಾಗುತ್ತೀರಿ.

ನಕ್ಷತ್ರಪಥದ ಚಿತ್ರಗಳನ್ನು, ಹೆಚ್ಚು ಬೆಳಗಿದ ಚುಕ್ಕೆಯನ್ನೇ ಉಳಿಸುವ ಲೈಟನ್ ಮೋಡ್‌ನಲ್ಲಿ ಸೇರಿಸಿದಾಗ ಗೆರೆಗಳು ತುಂಡುತುಂಡಾಗಿದ್ದರೆ ದೀರ್ಘ ಎಕ್ಸ್‌ಪೋಷರ್ ನಾಯ್ಸ್ ತಗ್ಗಿಸುವ ಆಯ್ಕೆ ಚಾಲೂ ಇದೆ. ಪ್ರತಿ ಚಿತ್ರದ ಬಳಿಕ ಅಷ್ಟೇ ಹೊತ್ತು ಕ್ಯಾಮೆರಾ ಕತ್ತಲ ಚಿತ್ರವೊಂದನ್ನು ತೆಗೆಯುತ್ತದೆ, ಭೂಮಿ ಮಾತ್ರ ಕಾಯದೆ ಗಂಟೆಗೆ 15 ಡಿಗ್ರಿಯಂತೆ ತಿರುಗುತ್ತಲೇ ಇರುತ್ತದೆ. ಆ ಆಯ್ಕೆಯನ್ನು ಬಂದ್ ಮಾಡಿ, ಚಿತ್ರಗಳ ನಡುವಿನ ವಿರಾಮವನ್ನು ಸಾಧ್ಯವಾದಷ್ಟು ಕಡಿಮೆ ಮಾಡಿ.

ಲಕ್ಷಣ: ಕತ್ತರಿಸಿ ಅಂಟಿಸಿದಂತೆ ಕಾಣುತ್ತಿದೆ

ಕಾರಣ ಹೇಳಲಾಗದಿದ್ದರೂ ಕಣ್ಣು ಸುಳ್ಳನ್ನು ಹಿಡಿಯುತ್ತದೆ. ವ್ಯಕ್ತಿಯ ಸುತ್ತ ತೆಳುವಾದ ಬಿಳಿ ಗೆರೆ ಕಂಡರೆ ಅದು ಹಳೆಯ ಹಿನ್ನೆಲೆಯ ಉಳಿಕೆ. ಮಾಸ್ಕನ್ನು ಒಂದೆರಡು ಪಿಕ್ಸೆಲ್ ಒಳಕ್ಕೆ ಸರಿಸಿ, ಅಂಚನ್ನು ಮೂಲಚಿತ್ರದ ಅಂಚು ಎಷ್ಟು ಮೃದುವಾಗಿತ್ತೋ ಅಷ್ಟೇ ಮೃದುಗೊಳಿಸಿ. ಕೂದಲನ್ನು ಕತ್ತರಿಸುವುದಕ್ಕಿಂತ, ಮುಂದಿನ ಹಿನ್ನೆಲೆ ಕಪ್ಪಾಗಿದ್ದರೆ ಕಪ್ಪಿನೆದುರು, ಬಿಳಿಯಾಗಿದ್ದರೆ ಬಿಳಿಯೆದುರು ಚಿತ್ರ ತೆಗೆದಿಟ್ಟುಕೊಳ್ಳುವುದು ಎಷ್ಟೋ ಸುಲಭ.

ಗೆರೆಯಿಲ್ಲದೆಯೂ ಅಂಟಿಸಿದಂತಿದ್ದರೆ ನೆರಳುಗಳನ್ನು ನೋಡಿ. ಮೂಗಿನ ನೆರಳು ಎಡಕ್ಕೆ ಬಿದ್ದು ಮರದ ನೆರಳು ಬಲಕ್ಕೆ ಬಿದ್ದಿದ್ದರೆ ಯಾವ ಉಪಕರಣವೂ ಅದನ್ನು ಉಳಿಸಲಾರದು; ಒಂದು ಚಿತ್ರವನ್ನು ಎಡ–ಬಲ ಮಗುಚಿದರೆ ಕೆಲವೊಮ್ಮೆ ಸರಿಯಾದೀತು, ಇಲ್ಲದಿದ್ದರೆ ಮತ್ತೆ ತೆಗೆಯಬೇಕು. ಮೋಡದ ದಿನದ ಮೆದು ನೆರಳನ್ನೂ ನಡುಮಧ್ಯಾಹ್ನದ ಗಡುಸು ನೆರಳನ್ನೂ ಜೋಡಿಸಬೇಡಿ. ಬಳಿಕ ಕ್ಷಿತಿಜ: ಒಂದನ್ನು ನಿಂತು, ಇನ್ನೊಂದನ್ನು ನೆಲಕ್ಕೆ ಕುಳಿತು ತೆಗೆದಿದ್ದರೆ ಕಣ್ಣೆತ್ತರ ಹೊಂದದೆ ವ್ಯಕ್ತಿ ತೇಲಿದಂತೆ ಕಾಣುತ್ತಾನೆ. ಬಣ್ಣದ ವಿಷಯಕ್ಕೆ ಬಂದರೆ, ಹಗಲ ಬೆಳಕು ಸುಮಾರು 5500 ಕೆಲ್ವಿನ್, ಹಳೆಯ ತಂತಿಬಲ್ಬಿನ ಬೆಳಕು ಸುಮಾರು 2800 ಕೆಲ್ವಿನ್. ಎರಡನ್ನೂ ರಾ ಕಡತದಲ್ಲಿಯೇ ಒಂದು ಬಣ್ಣಕ್ಕೆ ತಂದು ನಂತರ ಬೆರೆಸಿ. ಕೊನೆಯಲ್ಲಿ, ಒಂದು ಲೇಯರ್ ಐಎಸ್‌ಒ 100ರದ್ದು, ಇನ್ನೊಂದು 3200ರದ್ದು ಆಗಿದ್ದರೆ ಕಣಗಳ ವ್ಯತ್ಯಾಸ ಎದ್ದು ಕಾಣುತ್ತದೆ. ಗದ್ದಲದ್ದನ್ನು ಸ್ವಲ್ಪ ತಗ್ಗಿಸಿ, ಎಲ್ಲವೂ ಮುಗಿದ ಮೇಲೆ ಇಡೀ ಚಿತ್ರದ ಮೇಲೆ ಒಂದೇ ಬಗೆಯ ತೆಳು ಕಣಗಳನ್ನು ಹರಡಿದರೆ ಅವು ಒಂದೇ ಕುಟುಂಬದವರಾಗುತ್ತವೆ.

ಲಕ್ಷಣ: ಪಟ್ಟೆಗಳು ಮೂಡಿವೆ

ಸಂಜೆಯಾಕಾಶದಲ್ಲಿ ಬಣ್ಣ ಮೆಲ್ಲನೆ ಮಾರ್ಪಡುವ ಬದಲು ಮೆಟ್ಟಿಲುಮೆಟ್ಟಿಲಾಗಿ ಕಂಡರೆ, ಬಣ್ಣದ ಹಂತಗಳು ಸಾಲದಾಗಿವೆ. ಜೆಪೆಗ್ ಕಡತದಲ್ಲಿ ಪ್ರತಿ ಬಣ್ಣಕ್ಕೆ 256 ಹಂತ, 14 ಬಿಟ್‌ನ ರಾ ಕಡತದಲ್ಲಿ 16,384 ಹಂತ ಇರುತ್ತವೆ. ಲೇಯರ್ ಮೇಲೆ ಲೇಯರ್ ಎಳೆದಾಡಿದಾಗ 256 ಬೇಗ ಹರಿದುಹೋಗುತ್ತವೆ. ರಾದಿಂದ 16 ಬಿಟ್‌ನಲ್ಲಿ ಮತ್ತೆ ಆರಂಭಿಸಿ. ಈಗಾಗಲೇ 8 ಬಿಟ್ ಆದ ಕಡತವನ್ನು 16ಕ್ಕೆ ಬದಲಿಸಿದರೆ ಕಳೆದ ಹಂತಗಳು ಮರಳಿ ಬರುವುದಿಲ್ಲ.

ಒಳಾಂಗಣದಲ್ಲಿ ತೆಗೆದ ಮೂಲಚಿತ್ರದಲ್ಲಿಯೇ ಅಡ್ಡಪಟ್ಟೆಗಳಿದ್ದರೆ ದೀಪಗಳು ಮಿನುಗುತ್ತಿವೆ. 50 ಹರ್ಟ್ಸ್ ವಿದ್ಯುತ್ತಿನಲ್ಲಿ ಸೆಕೆಂಡಿಗೆ 100 ಸಲ, 60 ಹರ್ಟ್ಸ್‌ನಲ್ಲಿ 120 ಸಲ. ಎಲೆಕ್ಟ್ರಾನಿಕ್ ಷಟರ್ ಬಿಟ್ಟು ಮೆಕ್ಯಾನಿಕಲ್ ಷಟರ್‌ಗೆ ಬಂದು, ವೇಗವನ್ನು ಕ್ರಮವಾಗಿ 1/50 ಅಥವಾ 1/60ಕ್ಕೆ ಇಳಿಸಿ. ಫ್ಲ್ಯಾಶ್ ಬಳಸಿದಾಗ ಮಾತ್ರ ಚಿತ್ರದ ಒಂದು ಅಂಚು ಕಪ್ಪಾಗುತ್ತಿದ್ದರೆ ಸಿಂಕ್ ವೇಗವನ್ನು, ಅಂದರೆ ಫ್ಲ್ಯಾಶ್ ಜೊತೆ ಬಳಸಬಹುದಾದ ಅತಿ ಚುರುಕಾದ ಷಟರ್ ವೇಗವನ್ನು, ದಾಟಿದ್ದೀರಿ. ಹೆಚ್ಚಿನ ಕ್ಯಾಮೆರಾಗಳಲ್ಲಿ ಅದು 1/200 ಅಥವಾ 1/250ರ ಆಸುಪಾಸು. ಫ್ಲ್ಯಾಶ್ ಕೆಟ್ಟಿದೆಯೆಂದು ಅದನ್ನು ಬಿಚ್ಚುವ ಸಾಹಸ ಮಾತ್ರ ಬೇಡ. ಬ್ಯಾಟರಿ ತೆಗೆದ ಬಳಿಕವೂ ಒಳಗಿನ ಕೆಪಾಸಿಟರ್‌ನಲ್ಲಿ ನೂರಾರು ವೋಲ್ಟ್ ಉಳಿದಿರುತ್ತದೆ, ಅದರ ಆಘಾತ ಪ್ರಾಣಾಪಾಯ ತರಬಹುದು.

ಲಕ್ಷಣ: ಎಲ್ಲ ಚಿತ್ರಗಳಲ್ಲೂ ಒಂದೇ ಜಾಗದಲ್ಲಿ ಚುಕ್ಕೆ

ಅಪರ್ಚರ್ ಅಗಲವಾಗಿರುವ ಎಫ್/4ರಲ್ಲಿ ಕಾಣದೆ ಕಿರಿದಾಗಿರುವ ಎಫ್/16ರಲ್ಲಿ ಕಾಣುವ ಮಸುಕು ಕಪ್ಪು ಚುಕ್ಕೆ ಸೆನ್ಸರ್ ಮುಂದಿನ ಗಾಜಿನ ಮೇಲೆ ಕೂತ ಧೂಳು. ಹತ್ತು ಲೇಯರ್ ಸೇರಿಸಿದಾಗ ಅದು ಹತ್ತು ಸಲ ಕಾಡುತ್ತದೆ. ಬೇರೆ ಲೆನ್ಸ್ ಹಾಕಿದರೂ ಅಲ್ಲಿಯೇ ಇದ್ದರೆ ಖಚಿತ. ಮೊದಲು ಮೆನುವಿನಲ್ಲಿರುವ ಸ್ವಯಂ ಸ್ವಚ್ಛತೆಯನ್ನು ಒಂದೆರಡು ಸಲ ನಡೆಸಿ. ಹೋಗದಿದ್ದರೆ ಬ್ಯಾಟರಿ ತುಂಬಿರುವುದನ್ನು ಖಚಿತಪಡಿಸಿಕೊಂಡು, ಸ್ವಚ್ಛತಾ ಆಯ್ಕೆಯಿಂದ ಷಟರ್ ತೆರೆದು, ಕ್ಯಾಮೆರಾವನ್ನು ಕೆಳಮುಖವಾಗಿ ಹಿಡಿದು ಊದುಬುರುಡೆಯಿಂದ ಗಾಳಿ ಬಿಡಿ. ಚಿತ್ರದ ಮೇಲ್ಭಾಗದ ಚುಕ್ಕೆ ಸೆನ್ಸರ್‌ನ ಕೆಳಭಾಗದಲ್ಲಿರುತ್ತದೆ. ಬಾಯಿಯಿಂದ ಊದಿದರೆ ಎಂಜಲಿನ ಹನಿ ಕೂರುತ್ತದೆ, ಡಬ್ಬಿಯಲ್ಲಿ ಒತ್ತಿ ತುಂಬಿದ ಗಾಳಿ ದ್ರವವನ್ನೇ ಉಗುಳಬಹುದು. ಇಷ್ಟಕ್ಕೂ ಹೋಗದ ಅಂಟು ಕಲೆಯನ್ನು ತಜ್ಞರಿಗೆ ಬಿಡುವುದು ಮೇಲು. ಲೆನ್ಸ್‌ನೊಳಗೆ ಬೇರಿನಂತೆ ಹರಡಿದ ಬಿಳಿ ಎಳೆಗಳು ಕಂಡರೆ ಅದು ಶಿಲೀಂಧ್ರ. ಆ ಲೆನ್ಸನ್ನು ಉಳಿದವುಗಳಿಂದ ಬೇರೆಯಿಟ್ಟು ಬೇಗನೆ ದುರಸ್ತಿಗೆ ಕೊಡಿ. ಕತ್ತಲಲ್ಲಿ ದೀರ್ಘವಾಗಿ ತೆಗೆದಾಗ ಮಾತ್ರ ಕಾಣುವ ಕೆಂಪು, ನೀಲಿ, ಹಸಿರಿನ ಸೂಜಿಮೊನೆ ಚುಕ್ಕೆಗಳು ಬಿಸಿ ಪಿಕ್ಸೆಲ್‌ಗಳು. ಅವು ಕೆಲವಿದ್ದರೆ ಚಿಂತೆ ಬೇಡ.

ಲಕ್ಷಣ: ಮುಗಿದ ಚಿತ್ರದ ಬಣ್ಣ ಬೇರೆ ಪರದೆಯಲ್ಲಿ ಸತ್ತಂತಿದೆ

ಕಡತವನ್ನು ಅಡೋಬಿ ಆರ್‌ಜಿಬಿ ಎಂಬ ಅಗಲವಾದ ಬಣ್ಣವ್ಯಾಪ್ತಿಯಲ್ಲಿ ಉಳಿಸಿದ್ದರೆ, ಆ ವ್ಯಾಪ್ತಿ ಯಾವುದೆಂದು ತಿಳಿಸುವ ಬಣ್ಣದ ಪ್ರೊಫೈಲ್ ಓದದ ಕಡೆ ಅದು ಮಂಕಾಗಿ ಕಾಣುತ್ತದೆ. ಪರದೆಗಳಲ್ಲಿ ನೋಡುವ ಪ್ರತಿಯನ್ನು ಸಾಮಾನ್ಯ ಪರದೆಗಳ ಬಣ್ಣವ್ಯಾಪ್ತಿಯಾದ ಎಸ್‌ಆರ್‌ಜಿಬಿಗೆ ಪರಿವರ್ತಿಸಿ, ಪ್ರೊಫೈಲನ್ನು ಕಡತದೊಳಗೆ ಸೇರಿಸಿ ಉಳಿಸಿ. ಪರಿವರ್ತಿಸುವುದು ಬೇರೆ, ಪ್ರೊಫೈಲಿನ ಹೆಸರು ಮಾತ್ರ ಬದಲಿಸುವುದು ಬೇರೆ. ಎರಡನೆಯದನ್ನು ಮಾಡಿದರೆ ಬಣ್ಣ ಇನ್ನಷ್ಟು ಕೆಡುತ್ತದೆ.

ಲಕ್ಷಣ: ಕಾರ್ಡ್ ಓದುತ್ತಿಲ್ಲ, ಬ್ಯಾಟರಿ ಹೊರಬರುತ್ತಿಲ್ಲ

ಕಾರ್ಡನ್ನು ಫಾರ್ಮ್ಯಾಟ್ ಮಾಡಿ ಎಂದು ಕ್ಯಾಮೆರಾ ಕೇಳಿದರೆ ಒಪ್ಪಬೇಡಿ. ಕ್ಯಾಮೆರಾ ಬಂದ್ ಮಾಡಿ, ಕಾರ್ಡಿನ ಪಕ್ಕದ ಬೀಗದ ಗುಂಡಿಯನ್ನು ನೋಡಿ, ಬೇರೊಂದು ರೀಡರ್‌ನಲ್ಲಿ ಹಾಕಿ ನೋಡಿ. ಆಗಲೂ ಚಿತ್ರ ಕಾಣದಿದ್ದರೆ ಆ ಕಾರ್ಡಿಗೆ ಹೊಸದಾಗಿ ಒಂದೂ ಚಿತ್ರ ಬರೆಯದೆ ಎತ್ತಿಡಿ. ಅಳಿಸಿಹೋದ ಚಿತ್ರದ ದತ್ತಾಂಶ ಅದರ ಮೇಲೆ ಬೇರೆಯದು ಬರೆಯುವವರೆಗೂ ಸಾಮಾನ್ಯವಾಗಿ ಉಳಿದಿರುತ್ತದೆ, ಮರುಪಡೆಯುವ ತಂತ್ರಾಂಶಕ್ಕೆ ಅದೇ ಆಧಾರ.

ಬ್ಯಾಟರಿ ಗೂಡಿನಿಂದ ಸಲೀಸಾಗಿ ಹೊರಬರದಿದ್ದರೆ ಅದು ಉಬ್ಬಿರಬಹುದು. ಚಾಕುವಿನಿಂದ ಮೀಟಬೇಡಿ, ಚುಚ್ಚಬೇಡಿ, ಚಾರ್ಜ್ ಮಾಡಬೇಡಿ: ಲಿಥಿಯಂ–ಅಯಾನ್ ಬ್ಯಾಟರಿಯ ಹೊದಿಕೆ ಹರಿದರೆ ಬೆಂಕಿ ಹತ್ತಬಹುದು. ಸುಡುವ ವಸ್ತುಗಳಿಂದ ದೂರವಿಟ್ಟು, ಕ್ಯಾಮೆರಾ ಸಮೇತ ದುರಸ್ತಿಗಾರರ ಬಳಿಗೆ ಒಯ್ಯಿರಿ. ಕ್ಯಾಮೆರಾ ನೀರಿಗೆ ಬಿದ್ದಿದ್ದರೆ ಕೆಲಸ ಮಾಡುತ್ತದೆಯೇ ಎಂದು ಚಾಲೂ ಮಾಡಿ ನೋಡುವ ಆಸೆಯನ್ನು ತಡೆದುಕೊಂಡು ಬ್ಯಾಟರಿಯನ್ನೂ ಕಾರ್ಡನ್ನೂ ತೆಗೆಯಿರಿ. ಉಪ್ಪುನೀರಾದರೆ ತಡಮಾಡದೆ ದುರಸ್ತಿಗೆ ಕೊಡಿ.

ದುರಸ್ತಿಗೆ ಒಯ್ಯುವಾಗ ‘ಸರಿಯಾಗಿ ಬರುತ್ತಿಲ್ಲ’ ಎಂಬ ಮಾತಿಗಿಂತ ದೋಷ ಕಾಣುವ ಎರಡು ಮೂಲ ಕಡತಗಳು ಹೆಚ್ಚು ಹೇಳುತ್ತವೆ. ಅಳತೆಪಟ್ಟಿಯ ಪರೀಕ್ಷೆಯ ಚಿತ್ರ, ಇಟ್ಟಿಗೆ ಗೋಡೆಯ ಚಿತ್ರ, ಎಫ್/16ರಲ್ಲಿ ತೆಗೆದ ಖಾಲಿ ಆಕಾಶದ ಚಿತ್ರಗಳನ್ನು ಯಾವ ತಿದ್ದುಪಡಿಯೂ ಇಲ್ಲದೆ ಒಂದು ಪೆನ್‌ಡ್ರೈವ್‌ಗೆ ಹಾಕಿ, ದೋಷ ಕಂಡಾಗ ಯಾವ ಲೆನ್ಸ್ ಇತ್ತು ಎಂಬುದನ್ನು ಬರೆದು ಜೊತೆಗಿಡಿ. ದೋಷ ಲೆನ್ಸ್‌ನದೋ ಕ್ಯಾಮೆರಾದ್ದೋ ಎಂಬ ಅನುಮಾನವಿದ್ದರೆ ಎರಡನ್ನೂ ಒಯ್ಯಿರಿ, ಮೆಮೊರಿ ಕಾರ್ಡನ್ನು ಮಾತ್ರ ಹೊರತೆಗೆದು ನಿಮ್ಮ ಬಳಿಯೇ ಇಟ್ಟುಕೊಳ್ಳಿ.